ರೋದಾಳ ಕೈ ಹರಾಜಿಗೆ ಬಂದ ದಿನ

ಸುಗ್ಗಿ ಹಬ್ಬದ ದಿನ ನಮ್ಮ ಚರ್ಚಿನ ಅಂಗಳದಲ್ಲಿ ಕೈಗವಸಿಲ್ಲದೆ ನಿಲ್ಲುವ ಹಕ್ಕು ಇಡೀ ಊರಿಗೆ ನನಗೊಬ್ಬನಿಗೇ ಇತ್ತು. ಯಾಕೆಂದರೆ ಹರಾಜು ಕೂಗುವವನು ನಾನು. ಕಾಲು ಕಟ್ಟಿದ ಹುಂಜವನ್ನು ರೇಷ್ಮೆ ಕೈಗವಸು ತೊಟ್ಟು ಎತ್ತಿ ನೋಡಿ, ಆಮೇಲೆ ನನ್ನ ಕಷ್ಟ ಗೊತ್ತಾಗುತ್ತದೆ. ಒಂದು ವರ್ಷ ಅದು ಜಾರಿ, ಹಾರಿ, ಸಭಾಪಾಲಕ ಅಯ್ಯನವರ ಬಿಳಿ ನಿಲುವಂಗಿಯ ಹೆಗಲ ಮೇಲೆ ಕೂತು ಮಾಡಬಾರದ್ದನ್ನು ಮಾಡಿತು. ಅಂದಿನಿಂದ ನನಗೆ ವಿನಾಯಿತಿ. ನನ್ನ ಹೆಸರು ನೆಹೆಮಿಯ, ಊರವರ ಬಾಯಲ್ಲಿ ನೆಮಣ್ಣ. ವಾರವೆಲ್ಲ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತೇನೆ, ವರ್ಷಕ್ಕೊಂದು ದಿನ ದೇವರಿಗಾಗಿ ಕೂಗುತ್ತೇನೆ. ನಾನು ಬಾಯಿ ತೆರೆದರೆ ಪಕ್ಕದ ಬೀದಿಯ ಎಮ್ಮೆಗಳೂ ತಲೆಯೆತ್ತುತ್ತವೆ ಎಂದು ನನ್ನ ಹೆಂಡತಿ ದೀನಾ ಹೇಳುತ್ತಾಳೆ. ಅದು ಹೊಗಳಿಕೆಯೋ ಬೈಗುಳವೋ ನಾನು ಕೇಳಲು ಹೋಗಿಲ್ಲ.

ಉಳಿದವರೆಲ್ಲ ಕೈಗವಸಿನವರು. ನಮ್ಮೂರಲ್ಲಿ ನೊಂದವರ ಅಂಗೈಗೆ ಇನ್ನೊಬ್ಬರ ಅಂಗೈ ತಾಗಿದರೆ ಆ ನೋವಿನಲ್ಲಿ ಒಂದು ಪಾಲು ತಾಗಿದವರಿಗೆ ಇಳಿಯುತ್ತದೆ. ಮರುದಿನ ಹೊತ್ತು ಹುಟ್ಟುವ ತನಕ ಅವರಲ್ಲೇ ಇರುತ್ತದೆ. ಎಷ್ಟು ಕೈ ತಾಗಿದರೆ ಅಷ್ಟು ಪಾಲು, ಪಾಲು ಹೆಚ್ಚಿದಷ್ಟೂ ಒಬ್ಬೊಬ್ಬರ ಭಾರ ಕಮ್ಮಿ. ಅಂಗಡಿ ಸುಟ್ಟುಹೋದವನ ಕೈ ಮುಟ್ಟಿದರೆ ಹಬ್ಬದ ಪಾಯಸವೂ ಹೊಗೆ ಹೊಗೆ. ಮಗಳೊಡನೆ ಮಾತು ಬಿಟ್ಟವಳ ಕೈ ಮುಟ್ಟಿದರೆ ಸುಮ್ಮಸುಮ್ಮನೆ ಬಾಗಿಲ ಕಡೆ ನೋಡುವ ಹಾಗಾಗುತ್ತದೆ. ಹಿಂದೆ ಆರಾಧನೆ ಮುಗಿಯುತ್ತಲೇ ಎಲ್ಲರೂ ಎಲ್ಲರ ಕೈ ಹಿಡಿದು "ಸಮಾಧಾನ" ಹೇಳುವ ಪದ್ಧತಿ ಇತ್ತು. ಪೋಸ್ಟ್ ಮಾಸ್ತರರು ಹೆಂಡತಿಯನ್ನು ಮಣ್ಣು ಮಾಡಿದ ಮರುವಾರ ಇಡೀ ಸಭೆ ಪ್ರೀತಿಯಿಂದ ಅವರ ಕೈ ಹಿಡಿಯಿತು. ಆ ಸಂಜೆ ಮನೆಮನೆಯಲ್ಲೂ ಜನ ಎರಡು ಲೋಟ ಕಾಫಿ ಮಾಡಿ ಒಂದನ್ನು ಖಾಲಿ ಕುರ್ಚಿಯ ಮುಂದೆ ಇಟ್ಟು ಕೂತರು. ಮದುವೆಯೇ ಆಗದ ಅಯ್ಯನವರೂ ಇಟ್ಟರು. ಊರಲ್ಲಿ ಹಾಲು ಮುಗಿದುಹೋಯಿತು, ಜನ ಗಾಬರಿಯಾದರು. ಅದೇ ಸಂಜೆ ಪೋಸ್ಟ್ ಮಾಸ್ತರರು ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದದ್ದನ್ನು ಮಾತ್ರ ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಮುಂದಿನ ಭಾನುವಾರದೊಳಗೆ ಸ್ತ್ರೀಯರ ಸಂಘದ ಅಧ್ಯಕ್ಷೆ ತಬಿಥಮ್ಮ ಸಭೆಗೆಲ್ಲ ಬಿಳಿ ಕೈಗವಸು ಹೊಲಿಸಿಬಿಟ್ಟರು. ಮೊದಲು ಹತ್ತಿ ಬಟ್ಟೆಯವು. ಆಮೇಲೆ ಅಂಚಿಗೆ ಲೇಸು ಬಂತು, ಲೇಸಿನ ಮೇಲೆ ಮುತ್ತು ಬಂತು. ದೀಕ್ಷಾಸ್ನಾನಕ್ಕೆ ಬಂದ ಕೂಸಿಗೆ ಬೆರಳುದ್ದದ ಗವಸು ಉಡುಗೊರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಗವಸಿನ ಕಸೂತಿಯನ್ನೇ ಹೆಚ್ಚು ನೋಡುತ್ತಿದ್ದರು. ನಮ್ಮ ಸಭೆಯ ಸಮಾಧಾನ ಎಂದರೆ ಈಗ ಬಟ್ಟೆಗೆ ಬಟ್ಟೆ ತಾಗಿಸಿ ನಗುವುದು. ಚೆಂದವಾಗಿಯೇ ಇತ್ತು ಬಿಡಿ, ನಾನೇನು ಸುಳ್ಳು ಹೇಳಲಿ.

ಚೆಂದ ಕೆಟ್ಟದ್ದು ನನ್ನ ತಂಗಿ ರೋದಾಳಿಂದ. ಅವಳು ಸಂಡೇ ಸ್ಕೂಲ್ ಟೀಚರ್. ದೊಡ್ಡ ಮೀನಿನ ಹೊಟ್ಟೆ ಸೇರಿದ ಯೋನನ ಕಥೆ ಹೇಳುವಾಗ ತಾನೇ ಮೀನಾಗಿ ಮಕ್ಕಳನ್ನೆಲ್ಲ ಅಟ್ಟಿಸಿಕೊಂಡು ಹೋಗಿ ಗಬಕ್ಕನೆ ನುಂಗುತ್ತಿದ್ದವಳು. ಅಂಥವಳಿಗೆ ಒಂದು ಚಳಿಗಾಲ ಏನೋ ಆಯಿತು. ಏನಾಯಿತು ಎಂದರೆ ಏನೂ ಆಗಿರಲಿಲ್ಲ, ಅದೇ ತೊಂದರೆ. ಸಾವಿಲ್ಲ, ನಷ್ಟವಿಲ್ಲ, ಮುರಿದ ಮದುವೆಯಿಲ್ಲ. ಹಾಸಿಗೆಯಿಂದ ಏಳುವುದು ಅವಳಿಗೆ ಬೆಟ್ಟ ಹತ್ತಿದಷ್ಟು ಕಷ್ಟವಾಯಿತು. ಸಭೆಯವರು ಒಳ್ಳೆಯವರೇ. ಜಾಮು ತಂದರು, ಬೈಬಲ್ ವಾಕ್ಯ ಬರೆದ ಕಾರ್ಡು ತಂದರು, ಹೊಸಿಲಾಚೆ ಗವಸು ತೊಟ್ಟು ನಿಂತು "ಕಾರಣ ಏನಮ್ಮ?" ಎಂದು ಕೇಳಿದರು. ಕಾರಣ ಇದ್ದಿದ್ದರೆ ಕೊಡುತ್ತಿದ್ದಳು, ಪಾಪ. ಕಾರಣವಿಲ್ಲ ಎಂದಾಗ ಒಬ್ಬರು ವಿಶ್ವಾಸ ಕಮ್ಮಿ ಎಂದರು, ಇನ್ನೊಬ್ಬರು ಒಳಗೆ ಏನೋ ಮುಚ್ಚಿಟ್ಟಿದ್ದಾಳೆ ಎಂದರು. ಸಂಡೇ ಸ್ಕೂಲನ್ನು ಬೇರೆಯವರಿಗೆ ಕೊಟ್ಟರು.

ಮನೆಯಲ್ಲಿ ನಾನೂ ದೀನಾಳೂ ಗವಸು ಕಳಚಿ ಅವಳ ಕೈ ಹಿಡಿಯುತ್ತಿದ್ದೆವು. ಒಂದು ದಿನ ನಾನು, ಒಂದು ದಿನ ಅವಳು. ಎದೆಯ ಮೇಲೆ ನೆನೆದ ಕಂಬಳಿ ಹೊದಿಸಿದಂತೆ ಇಳಿಯುತ್ತಿತ್ತು. ಅನ್ನಕ್ಕೆ ರುಚಿಯಿಲ್ಲ, ಬಾಗಿಲು ಎಲ್ಲೋ ದೂರದಲ್ಲಿದೆ ಅನ್ನಿಸುವುದು. ಒಂದು ಮಂಗಳವಾರ ಮಂಡಿಯಲ್ಲಿ ಟೊಮೆಟೊ ರಾಶಿಯ ಮುಂದೆ ನಿಂತೆ. ಬಾಯಿ ತೆರೆದೆ. ಇದನ್ನು ಯಾಕೆ ಕೂಗಬೇಕು, ಯಾರಿಗೆ ಟೊಮೆಟೊ ಬೇಕು, ತಿಂದು ಏನಾಗಬೇಕು ಎಂದೆಲ್ಲ ಯೋಚನೆ ಬಂದು ಹಾಗೇ ನಿಂತುಬಿಟ್ಟೆ. ಬಾಯಿಂದ ಬದುಕುವವನು ಬಾಯಿ ಮುಚ್ಚಿ ನಿಂತರೆ ಮಂಡಿಯವರು ಎಷ್ಟು ದಿನ ತಾಳುತ್ತಾರೆ? ದೀನಾ ಒಲೆಯ ಮುಂದೆ ಕೂತವಳು ಸಾರು ಸೀದು ಪಾತ್ರೆ ಕರಕಲಾದರೂ ಏಳುತ್ತಿರಲಿಲ್ಲ. ಹೀಗೆ ಒಂದು ಮನೆಯ ಹೆಗಲಿಗೆ ಅದು ಮೀರಿದ ಭಾರವಾಯಿತು.

ಕಡೆಗೆ ಹಿರಿಯರ ಮಂಡಳಿ ಕೂತಿತು. ಮಂಡಳಿಯ ಮುಖ್ಯಸ್ಥರು ಗಿದ್ಯೋನಪ್ಪನವರು. ನೆಟ್ಟಗಿನ ಬೆನ್ನು, ಮೆಲುದನಿ, ಯಾರಿಗೂ ಕೇಡು ಬಯಸದ ಮನುಷ್ಯ. ಹೊಳೆಯಾಚೆ ಇಂಥವರಿಗೆಂದು ನಮ್ಮ ಸಭೆಯದೇ ಒಂದು ವಿಶ್ರಾಂತಿ ಮನೆ ಇದೆ. ಹೂದೋಟವಿದೆ, ಹೊತ್ತಿಗೆ ಸರಿಯಾಗಿ ಊಟವಿದೆ. ಗುಣವಾದ ಮೇಲೆ ಹಿಂದಿರುಗಬಹುದು ಎಂಬುದು ನಿಯಮ. ಹಿಂದಿರುಗಿದವರನ್ನು ಮಾತ್ರ ನಾನು ಕಂಡಿಲ್ಲ. ಪ್ರಾರ್ಥನೆಯ ಕೊನೆಗೆ "ಹೊಳೆಯಾಚೆಯವರನ್ನೂ ನೆನೆಸಿಕೋ ಸ್ವಾಮಿ" ಎಂಬ ಒಂದು ಸಾಲು ಅವರಿಗೆ ಸಲ್ಲುತ್ತಿತ್ತು, ಅದೂ ಆಮೆನ್ನಿನ ಅವಸರದಲ್ಲಿ. ಸುಗ್ಗಿ ಹಬ್ಬದ ಹರಾಜು ಮುಗಿದ ಮೇಲೆ ಗಿದ್ಯೋನಪ್ಪನವರೇ ರೋದಾಳನ್ನು ಸೇತುವೆ ದಾಟಿಸಿ ಬಿಟ್ಟುಬರುವುದು ಎಂದು ತೀರ್ಮಾನವಾಯಿತು.

"ಹೋಗ್ತೀನಣ್ಣ," ಎಂದಳು ರೋದಾ. "ನನ್ನ ದೆಸೆಯಿಂದ ನಿನ್ನ ಬಾಯಿ ಬಿದ್ದೋಗ್ತಾ ಇದೆ. ಅತ್ತಿಗೆ ಒಲೆ ಮುಂದೆ ಕೂತ್ರೆ ಪಾತ್ರೆ ಸೀದ್ರೂ ಏಳಲ್ಲ. ನಿಮ್ಮನ್ನ ಹೀಗೆ ನೋಡೋದಕ್ಕಿಂತ ಆಚೆ ಇರೋದೇ ವಾಸಿ."

"ನೀನು ಹೋದ್ರೆ ನಾನು ಕೂಗೋದು ಯಾರಿಗೆ ಕೇಳ್ಬೇಕೇ?" ಎಂದೆ. ಆ ರಾತ್ರಿ ದೀನಾ ಅವಳ ಬಟ್ಟೆ ಮಡಿಚಿಡುತ್ತ ಒಂದೇ ರವಿಕೆಯನ್ನು ಮತ್ತೆ ಮತ್ತೆ ಮಡಿಚುತ್ತಿದ್ದಳು.

ಹಬ್ಬದ ದಿನ ಬಂತು ನೋಡಿ! ಆ ದಿನ ನಮ್ಮ ಅಂಗಳ ನೋಡಬೇಕು. ಉದ್ದನೆಯ ಮೇಜಿನ ಮೇಲೆ ಕುಂಬಳಕಾಯಿ, ಬಾಳೆಗೊನೆ, ಜೇನಿನ ಬಾಟಲಿ, ಯಾರದೋ ಕೋಳಿಯ ಮೊದಲ ಈಡಿನ ಮೊಟ್ಟೆಗಳು, ಕಾಲು ಕಟ್ಟಿದ ಹುಂಜಗಳು, ಮೇಲೆ ಚೆರ್ರಿ ಹಣ್ಣಿಟ್ಟ ಕೇಕು. ಹಿಂದೆ ಗಾಯನ ಮಂಡಳಿಯ ಹಾರ್ಮೋನಿಯಂ. ನಿಯಮ ಸರಳ. ನಾನು ಎತ್ತಿ ಹಿಡಿದದ್ದು ದೇವರದು. ಎತ್ತಿದ ಮೇಲೆ ಮಾರದೆ ಇಳಿಸುವ ಹಾಗಿಲ್ಲ. ನನ್ನದೊಂದು ವರಸೆಯೂ ಇದೆ. ಹಿಂದಿರುಗಿ ನೋಡದೆ, ಕೈಯನ್ನು ಹಿಂದಕ್ಕೆ ಚಾಚಿ, ಸಿಕ್ಕಿದ್ದನ್ನು ಗಾಳಿಯಲ್ಲಿ ಎತ್ತಿ "ಯಾರಿಗೆ ಬೇಕು?" ಎನ್ನುವುದು. ಜನಕ್ಕೆ ಅದರಲ್ಲೇ ಮಜಾ. ಎದುರಿಗೆ ಬೇಕರಿ ಲಾಜರ, ಟೈಲರ್ ಫಿಲಿಪ್ಪ. ಹಾವು ಮುಂಗುಸಿ ಇಬ್ಬರೂ. ನನ್ನ ಕೈ ಮೇಲೆದ್ದರೆ ಸಾಕು, ಏನು ಎತ್ತ ಎಂದು ನೋಡದೆ ಲಾಜರ "ನನಗೆ!" ಎನ್ನುತ್ತಾನೆ. ಹಿಂದಿನ ವರ್ಷ ತಾನೇ ಕೊಟ್ಟ ಕೋಳಿಯನ್ನು ತಾನೇ ಕೊಂಡುಕೊಂಡು, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಅವತ್ತು ನನ್ನೊಳಗೆ ಸಂಕಟ, ಹೊರಗೆ ಮಾತ್ರ ಅಬ್ಬರ. ರೋದಾ ಹೋಗುವ ದಿನ, ಅವಳ ಕಿವಿಗೆ ನನ್ನ ಒಳ್ಳೆಯ ಗಂಟಲೇ ಕೇಳಿಸಲಿ ಎಂದು ಜೀವ ಬಿಟ್ಟು ಕೂಗಿದೆ. ಬಾಳೆಗೊನೆ ಹೋಯಿತು, ಜೇನು ಹೋಯಿತು, ಹುಂಜಗಳು ಹೋದವು. ಬೆವರು ಒರೆಸಿಕೊಂಡು, ಹಿಂದಕ್ಕೆ ಕೈ ಚಾಚಿ, ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು, ಎತ್ತಿದೆ. "ಮುಂದಿನದು ನೋಡ್ರಪ್ಪಾ! ಇಂಥದ್ದು ಈ ವರ್ಷ ಊರಲ್ಲೇ ಬೆಳೆದಿಲ್ಲ! ಯಾರಿಗೆ..."

ಅಲ್ಲಿಗೆ ನನ್ನ ದನಿ ನಿಂತುಹೋಯಿತು. ನೆನೆದ ಕಂಬಳಿ ಎದೆಯ ಮೇಲೆ ಬಂದು ಬಿತ್ತು. ತಿರುಗಿ ನೋಡಿದರೆ ನನ್ನ ಕೈಯಲ್ಲಿದ್ದದ್ದು ನನ್ನ ತಂಗಿಯ ಕೈ. ನನಗೆ ಪಾನಕ ಕೊಡಲು ಬಂದಿದ್ದಳು. ತುಂಬಿದ ಲೋಟ ಜಾರದಿರಲಿ ಎಂದು ಬಲಗೈಯ ಗವಸು ಕಳಚಿ, ಲೋಟವನ್ನು ಮೇಜಿನ ಮೇಲಿಟ್ಟು, ಅಲ್ಲೇ ಕೈಯೂರಿ ನಿಂತಿದ್ದಳು. ಆ ಕೈ ಈಗ ಇಡೀ ಸಭೆಯೆದುರು ಕುಂಬಳಕಾಯಿಗಳ ಮೇಲೆ ಎತ್ತರದಲ್ಲಿತ್ತು.

"ನನಗೆ!" ಎಂದ ಲಾಜರ.

ರೂಢಿಬಲ! ಕೂಗಿದ ಮೇಲೆ ಕಣ್ಣು ಬಿಟ್ಟು ನೋಡಿದ. ಮುಖ ಬಿಳಿಚಿಕೊಂಡಿತು. "ಅಯ್ಯೋ, ನೋಡ್ದೆ ಕೂಗ್ಬಿಟ್ಟೆ ಕಣ್ರೀ," ಎಂದ.

"ಕೂಗಿದ್ದು ಕೂಗಿದ ಹಾಗೇ," ಎಂದು ಫಿಲಿಪ್ಪ ಎದ್ದು ನಿಂತ. ಇಂಥ ಅವಕಾಶ ಬಿಡುತ್ತಾನೆಯೇ? "ಹೆದರಿಕೆಯಾದ್ರೆ ಹೇಳ್ಬಿಡು ಲಾಜರಣ್ಣ. ನಾಚಿಕೆ ಏನಿಲ್ಲ. ನಾನು ತಗೋತೀನಿ."

"ಹೆದರಿಕೆ ನಿಮ್ಮಪ್ಪನಿಗೆ!"

ಗಿದ್ಯೋನಪ್ಪನವರು ಮುಂದೆ ಬಂದರು. "ನೆಹೆಮಿಯ, ಕೈ ಇಳಿಸು. ಅದು ಸರಕಲ್ಲ. ಮಗು ಕೈ ಅದು."

ಇಳಿಸೋಣ ಎಂದುಕೊಂಡೆ. ಆಗ ರೋದಾ ನನಗೆ ಮಾತ್ರ ಕೇಳುವ ಹಾಗೆ, "ಬಿಡಬೇಡಣ್ಣ," ಎಂದಳು. ತಿಂಗಳುಗಟ್ಟಲೆ ಯಾವುದೂ ಬೇಡ ಬೇಡ ಎನ್ನುತ್ತಿದ್ದವಳು ಮೊದಲ ಸಲ ಏನನ್ನೋ ಬೇಕು ಎಂದಿದ್ದಳು. ನಾನು ಅಯ್ಯನವರ ಕಡೆ ನೋಡಿದೆ. ಅಯ್ಯನವರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ಗಂಟಲು ಸರಿಮಾಡಿಕೊಂಡು, ಆಕಾಶ ನೋಡಿ, ಭೂಮಿ ನೋಡಿ, "ಎತ್ತಿದ್ದನ್ನ ಮಾರದೆ ಇಳಿಸಿದ ಸಂಪ್ರದಾಯ ನಮ್ಮಲ್ಲಿ ಇಲ್ಲವಲ್ಲ ಹಿರಿಯರೇ," ಎಂದರು. ನನಗೆ ಅವರನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು.

"ಎಷ್ಟಕ್ಕೆ ಕೂಗ್ತೀ ಲಾಜರ?" ನನ್ನ ದನಿ ಸೊಳ್ಳೆಯ ದನಿಯಷ್ಟಿತ್ತು.

ಲಾಜರ ಮೂಗು ಉಜ್ಜಿಕೊಂಡ. ಫಿಲಿಪ್ಪನ ಕಡೆ ನೋಡಿದ. "ಸೋಮವಾರ," ಎಂದ. "ಸೋಮವಾರ ಬೇಕರಿ ರಜ. ಸೋಮವಾರದ ಪಾಲು ನಾನು ಹೊರ್ತೀನಿ. ವಾರಾ ವಾರ."

"ಸೋಮವಾರ ಮಂಗಳವಾರ ಎರಡೂ ನನಗೆ!" ಎಂದ ಫಿಲಿಪ್ಪ.

"ಅದ್ಹೇಗಾಗುತ್ತೆ? ಸೋಮವಾರ ನಂದು ಅಂದೆನಲ್ಲ!"

"ಹರಾಜು ಅಂದ್ಮೇಲೆ ಮೇಲೆ ಕೂಗಿದೋನಿಗೆ!"

"ಸೋಮವಾರಕ್ಕೆ ಕೈ ಹಾಕಿದ್ರೆ ನೋಡು!"

ಲಾಜರ ಗವಸನ್ನು ಕಿತ್ತು ಬಿಸಾಕಿ ದಡದಡ ಬಂದು ರೋದಾಳ ಕೈ ಹಿಡಿದುಕೊಂಡುಬಿಟ್ಟ, ಯಾರಾದರೂ ಸೋಮವಾರವನ್ನು ಹೊತ್ತುಕೊಂಡು ಓಡಿಹೋದಾರೆಂಬಂತೆ. ಹಿಡಿದವನು ಹಾಗೇ ನಿಂತ. ಅವನ ದಪ್ಪ ಕೆನ್ನೆ ಇಳಿಬಿತ್ತು. ಮೇಜಿನ ಮೇಲಿದ್ದ ತನ್ನದೇ ಕೇಕನ್ನು ಗುರುತಿಲ್ಲದವನಂತೆ ನೋಡಿದ. "ದೇವರೇ," ಎಂದ ಸಣ್ಣಗೆ. "ಇದನ್ನ ಇಟ್ಕೊಂಡು ಈ ಮಗು ದಿನಾ ಎದ್ದು ತಲೆ ಬಾಚ್ಕೋತಿತ್ತಾ?"

ಆ ಮಾತು ಕೇಳಿ ಅಂಗಳದಲ್ಲಿ ಯಾರೋ ಹೆಂಗಸು ಬಿಕ್ಕಿದಳು. ನನ್ನ ಎದೆಯ ಮೇಲಿನ ಕಂಬಳಿ ಮಾತ್ರ ಅರ್ಧ ಜಾರಿತು. ಗಂಟಲಿಗೆ ಗಾಳಿ ಬಂತು. "ಸೋಮವಾರ ಲಾಜರನಿಗೆ! ಮಂಗಳವಾರ ಫಿಲಿಪ್ಪನಿಗೆ! ಬುಧವಾರ ಯಾರಿಗ್ರಪ್ಪಾ?"

"ನಿಲ್ಸಿ!" ಎಂಬ ದನಿ ಬಂತು. ತಬಿಥಮ್ಮ. ಕಣಕಾಲಿನ ತನಕ ಸೆರಗು, ಮೊಣಕೈ ತನಕ ಮುತ್ತಿನ ಗವಸು. ಗವಸಿಗೆ ಊರನ್ನೇ ಒಪ್ಪಿಸಿದ ಹೆಂಗಸು ಇನ್ನು ಬಿಡುತ್ತಾರೆಯೇ?

"ಗಂಡಸರಿಗೆ ಒಂದು ನೆಗಡಿ ತಡ್ಕೊಳ್ಳೋಕಾಗಲ್ಲ, ಇದನ್ನ ತಡ್ಕೋತಾರಂತೆ!" ಎನ್ನುತ್ತ ಬಂದರು. "ಯಾವ ದಿನ ಕಷ್ಟ ಅಂತ ಒಬ್ಬರಾದ್ರೂ ಕೇಳಿದ್ರೇನೋ? ಭಾನುವಾರ ಕಣೋ ಕಷ್ಟ! ಎಲ್ಲಾರ ಕಣ್ಣೂ ಮೇಲೆ ಬಿದ್ದಿರುತ್ತಲ್ಲ ಆ ದಿನ. ಹಿಂದಿನ ಬೆಂಚಲ್ಲಿ ಮುದುರ್ಕೊಂಡು ಕೂರೋದನ್ನ ನಾನು ನೋಡಿಲ್ವಾ? ಭಾನುವಾರ ನಂದು. ಯಾರಾದ್ರೂ ಮೇಲೆ ಕೂಗಿ ನೋಡೋಣ!"

ಯಾರಿಗೆ ಧೈರ್ಯ? ಅವರು ಬೆರಳು ಬೆರಳಾಗಿ ಗವಸು ಬಿಡಿಸಿದರು. ಎಷ್ಟೋ ವರ್ಷ ಗಾಳಿ ಕಾಣದ ಕೈ, ನರಗಳು ಎದ್ದು ಬೆಳ್ಳಗೆ ಸುಕ್ಕಾಗಿತ್ತು. ರೋದಾಳ ಕೈಯನ್ನು ಎರಡೂ ಕೈಯಲ್ಲಿ ತುಂಬಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಗಲ್ಲದ ಮೇಲೆ ನೀರು ಇಳಿಯಿತು. "ಭಾನುವಾರ ನಾನು ಮುಂದಿನ ಬೆಂಚಲ್ಲೇ ಕೂತು ಅಳ್ತೀನಿ ಅಯ್ಯನವರೇ. ನೀವು ನಿಮ್ಮ ಪಾಡಿಗೆ ಪ್ರಸಂಗ ಮಾಡಿ," ಎಂದರು.

ಆಮೇಲೆ ಶುರುವಾಯಿತು ನೋಡಿ! ಕಟ್ಟೆ ಒಡೆದ ಕೆರೆ! ಬುಧವಾರ ಪೋಸ್ಟ್ ಮಾಸ್ತರರಿಗೆ ಹೋಯಿತು, ಗುರುವಾರ ಹಾರ್ಮೋನಿಯಂನವನಿಗೆ. ಶುಕ್ರವಾರ ತನ್ನದು, ಮೊದಲಿಂದಲೂ ತನ್ನದು ಎಂದು ದೀನಾ ಸೊಂಟಕ್ಕೆ ಕೈ ಕೊಟ್ಟು ಜಗಳಕ್ಕೆ ನಿಂತಳು. ಶನಿವಾರವನ್ನು ಅವಳಿ ಅಕ್ಕತಂಗಿಯರು ಜಂಟಿಯಾಗಿ ಹೊಡೆದುಕೊಂಡರು. ದಿನಗಳು ಮುಗಿದವು, ಕೂಗುವವರು ಮುಗಿಯಲಿಲ್ಲ. ಬೆಳಗಿನ ಪಾಲು, ಮಧ್ಯಾಹ್ನದ ಪಾಲು ಎಂದು ಸೀಳಿದೆ. "ಬುಧವಾರ ದೀಪ ಹಚ್ಚೋ ಹೊತ್ತಿನದಾದ್ರೂ ನನಗೆ ಕೊಡ್ರೀ!" ಎಂದು ಒಬ್ಬ ಮುದುಕ ಕೋಲೆತ್ತಿ ಬೊಬ್ಬೆ ಹಾಕಿದ. ಗವಸುಗಳು ಅಂಗಳದ ತುಂಬ ಉದುರಿದವು, ಕಟ್ಟು ಬಿಚ್ಚಿಕೊಂಡ ಹುಂಜಗಳು ಅವುಗಳ ಮೇಲೆ ಓಡಾಡಿದವು. ಮುಟ್ಟಿದವರೆಲ್ಲ ಒಂದು ಗಳಿಗೆ ಮಂಕಾಗುತ್ತಿದ್ದರು, ಕಣ್ಣು ಒರೆಸಿಕೊಂಡು ಪಕ್ಕದವರ ಮುಖ ನೋಡುತ್ತಿದ್ದರು. ಪ್ರತಿ ಕೈಗೂ ನನ್ನ ದನಿ ಏರಿತು. ಆ ದಿನ ನಾನು ಕೂಗಿದ ಹಾಗೆ ಜನ್ಮದಲ್ಲಿ ಕೂಗಿಲ್ಲ! ಲಾಜರ ಮಂಕು ಬಡಿದ ಮುಖದಲ್ಲೇ ಫಿಲಿಪ್ಪನಿಗೆ, "ನಿಂದು ಬರೀ ಮಂಗಳವಾರ," ಎಂದು ಅಣಕಿಸಿದ. ಅದನ್ನು ಕೇಳಿ ಕಿಸಕ್ಕನೆ ಒಂದು ನಗು ಬಂತು. ನಕ್ಕವಳು ರೋದಾ. ದೀನಾ ನನ್ನ ತೋಳನ್ನು ನೋವಾಗುವಷ್ಟು ಜೋರಾಗಿ ಹಿಡಿದಳು. ಇನ್ನು ಯಾರು ಇವಳನ್ನು ಸೇತುವೆ ದಾಟಿಸುತ್ತಾರೋ ನೋಡೇಬಿಡುತ್ತೇನೆ ಎಂದುಕೊಂಡೆ.

ಆಗ ಜನ ಸರಿದು ದಾರಿ ಬಿಟ್ಟರು. ಗಿದ್ಯೋನಪ್ಪನವರು ಮೇಜಿನ ಹತ್ತಿರ ಬಂದರು. ನಾನು ರೋದಾಳ ಮುಂದೆ ಅಡ್ಡ ನಿಂತೆ. ಅವರು ನನ್ನನ್ನು ನೋಡಲಿಲ್ಲ. ಬಲಗೈಯ ಗವಸು ತೆಗೆದು, ಮಡಿಚಿ, ಜೇಬಿನಲ್ಲಿಟ್ಟು, ಬರಿಯ ಕೈಯನ್ನು ಮೇಜಿನ ಮೇಲೆ, ಉಳಿದ ಕುಂಬಳಕಾಯಿಯ ಪಕ್ಕ ಇಟ್ಟರು. ಆ ನೆಟ್ಟಗಿನ ಬೆನ್ನು ಬಾಗಿತ್ತು.

"ಇದೂ ಒಂದಿದೆ ನೆಹೆಮಿಯ," ಎಂದರು. "ಯಾರಾದ್ರೂ ಕೂಗ್ತಾರಾ ನೋಡು."

ನಾನು ಎತ್ತುವ ಮೊದಲೇ ನನ್ನ ಬೆನ್ನ ಹಿಂದಿನಿಂದ ದನಿ ಬಂತು, ಸಂಡೇ ಸ್ಕೂಲಿನ ಮಕ್ಕಳು ಕೇಳಿ ಓಡಿ ಅವಿತುಕೊಳ್ಳುತ್ತಿದ್ದ ಆ ಮೀನಿನ ದನಿ. "ನನಗೆ!"

ರೋದಾ ಅವರ ಕೈ ಹಿಡಿದಳು. ಹಿಡಿದವಳೇ ತಲೆ ತಿರುಗಿಸಿ ಹೊಳೆಯ ಕಡೆ ನೋಡಿದಳು. ನೋಡುತ್ತಲೇ ಇದ್ದಳು. "ದೀಪ ಹಚ್ಚಿದಾರೋ ಇಲ್ವೋ ಅಂತ ದಿನಾ ಸಂಜೆ ದಡದಲ್ಲಿ ನಿಂತ್ಕೋತೀರಾ?" ಎಂದಳು. "ಕಿಟಕಿ ಎಣಿಸ್ತೀರಾ? ಮಾರ್ಥಮ್ಮನ ಕಿಟಕಿ ಯಾವುದು ಅಂತಾನೂ ಗೊತ್ತಿಲ್ವಾ ನಿಮಗೆ?"

ಮಾರ್ಥಮ್ಮ ಗಿದ್ಯೋನಪ್ಪನವರ ಹೆಂಡತಿ. ವಿಶ್ರಾಂತಿ ಮನೆಗೆ ಹೋದ ಮೊದಲನೆಯವರು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಅವರೆದುರು ಎತ್ತುತ್ತಿರಲಿಲ್ಲ.

"ಗುಣ ಆದ್ಮೇಲೆ ಬಾ ಅಂದಿದ್ದೆ," ಎಂದರು ಅವರು. "ಅವಳು ಬರ್ಲಿಲ್ಲ. ನಾನು ಹೋಗ್ಲಿಲ್ಲ. ಈಗ ಯಾವ ಮುಖ ಹೊತ್ಕೊಂಡು ಹೋಗ್ಲಮ್ಮ?"

"ಇದೇ ಮುಖ ಹೊತ್ಕೊಂಡು ನಡೀರಿ. ಮುಖ ತೊಳ್ಕೊಂಡು ಬರೋಷ್ಟು ಹೊತ್ತಿಲ್ಲ," ಎಂದಳು ನನ್ನ ತಂಗಿ. "ನನ್ನ ಸೇತುವೆ ದಾಟಿಸ್ತೀನಿ ಅಂದಿದ್ರಲ್ಲ, ದಾಟ್ಸಿ. ಅವರನ್ನ ಕರ್ಕೊಂಡೇ ವಾಪಸ್ ಬರೋಣ."

ಅವರ ಕೈ ಬಿಡದೆ ಎಳೆದುಕೊಂಡೇ ಹೊರಟಳು. ಹಿಂದೆ ತಬಿಥಮ್ಮ, ಹಿಂದೆ ಲಾಜರ, ಅವನಿಗಿಂತ ಒಂದು ಹೆಜ್ಜೆ ಮುಂದಾಗಲು ಹೆಣಗುತ್ತ ಫಿಲಿಪ್ಪ, ನಿಲುವಂಗಿ ಎತ್ತಿ ಹಿಡಿದ ಅಯ್ಯನವರು, ಇಡೀ ಸಭೆ. ಮೇಜನ್ನೂ ಹುಂಜಗಳನ್ನೂ ದೇವರ ಪಾಲಿಗೆ ಬಿಟ್ಟು ನಾನೂ ದೀನಾಳೂ ಓಡಿದೆವು. ಸೇತುವೆಯ ಹಲಗೆಗಳು ಗಡಗಡ ಎಂದವು. ರೋದಾ ನನ್ನ ಕಡೆ ತಿರುಗಿ, "ಕೂಗಣ್ಣ!" ಎಂದಳು. ಎದೆ ತುಂಬ ಉಸಿರೆಳೆದುಕೊಂಡು ಕೂಗಿದೆ, "ಮಾರ್ಥಮ್ಮಾ!"

ಆಚೆಯ ಮನೆಯ ಬಾಗಿಲು ತೆರೆಯಿತು. ಗಿದ್ಯೋನಪ್ಪನವರು ರೋದಾಳ ಕೈ ಬಿಟ್ಟು, ಆ ವಯಸ್ಸಿನಲ್ಲಿ, ಓಡತೊಡಗಿದರು. ಹೊಸಿಲು ದಾಟಿ ತೋಟಕ್ಕೆ ಬಂದದ್ದು ಮಾರ್ಥಮ್ಮ ಒಬ್ಬರೇ ಅಲ್ಲ.